ಕೌಂಟರ್ ಮುಂದೆ ನಿಲ್ಲುವುದು ನೀವಲ್ಲ, ನಿಮ್ಮಮ್ಮ

ನಮಸ್ಕಾರ ಎಲ್ಲರಿಗೂ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಆದರೆ ಹೋದ ಎಪಿಸೋಡ್ ಕೆಳಗೆ ಬಂದ ಒಂದು ಕಾಮೆಂಟ್ ತಲೆಯಿಂದ ಇಳಿಯುತ್ತಲೇ ಇಲ್ಲ. ಅಮೆರಿಕದಲ್ಲಿರುವ ಒಬ್ಬರು ಬರೆದಿದ್ದಾರೆ: "ಡೇ ಕೇರ್ ಫೀಸ್ ಕಟ್ಟೋಕಾಗಲ್ಲ. ಆರು ತಿಂಗಳು ನಮ್ಮಮ್ಮ, ಆಮೇಲೆ ಆರು ತಿಂಗಳು ಅತ್ತೆ ವಿಸಿಟರ್ ವೀಸಾದಲ್ಲಿ ಬಂದು ಮಗು ನೋಡ್ಕೋತಾರೆ. ವೀಸಾ ಇಂಟರ್‌ವ್ಯೂನಲ್ಲಿ ಮಗು ವಿಷಯ ಎತ್ತಲೇಬೇಡಿ ಅಂತ ಹೇಳಿದೀನಿ. ಬೇರೆ ಏನು ಹೇಳಿದ್ರೆ ಸೇಫ್?" ಅದಕ್ಕೆ ಲೈಕ್‌ಗಳು ಬೇರೆ!

ಸೇಫ್ ಯಾರಿಗೆ ಸ್ವಾಮಿ? ಕೌಂಟರ್ ಮುಂದೆ ನಿಲ್ಲುವುದು ನೀವಲ್ಲ, ನಿಮ್ಮಮ್ಮ.

ಆ ಜಾಗ ಹೇಗಿರುತ್ತದೆ ಗೊತ್ತಲ್ವಾ? ಗಾಜಿನ ಆಚೆ ಆಫೀಸರ್, ಈಚೆ ಅಮ್ಮ. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಅದರೊಳಗೆ ಮನೆ ಪತ್ರ, ಪೆನ್ಷನ್ ಕಾಗದ, ಮಗ ಕಳಿಸಿದ ಇನ್ವಿಟೇಷನ್ ಲೆಟರ್. ಫೈಲು ಬಿಚ್ಚು ಅಂತ ಎಷ್ಟೋ ಸಲ ಹೇಳುವುದೇ ಇಲ್ಲ. ಮೈಕಿನಲ್ಲಿ ನಾಲ್ಕು ಪ್ರಶ್ನೆ, ಮುಗಿಯಿತು. ಯಾಕೆ ಹೋಗುತ್ತಿದ್ದೀರಿ, ಎಷ್ಟು ದಿನ, ಮಗ ಏನು ಮಾಡುತ್ತಾನೆ, ಮೊಮ್ಮಕ್ಕಳಿದ್ದಾರಾ. ಅಮೆರಿಕದ ವಲಸೆ ಕಾನೂನಿನ 214(ಬಿ) ಸೆಕ್ಷನ್ ಪ್ರಕಾರ, ತಾನು ವಾಪಸ್ ಬರುತ್ತೇನೆ ಅಂತ ನಂಬಿಸುವ ಹೊಣೆ ಅರ್ಜಿ ಹಾಕಿದವರದ್ದೇ. ಆ ಹೊಣೆ ಹೊತ್ತು ನಿಂತವರ ಬಾಯಿಗೆ ನೀವು ಸುಳ್ಳು ತುರುಕಿ ಕಳಿಸುತ್ತೀರಿ.

ವೀಸಾ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಹತ್ತು ವರ್ಷದ ಸ್ಟಾಂಪು ಬಿತ್ತು ಅಂದರೆ ಹತ್ತು ವರ್ಷ ಇರಬಹುದು ಅಂತಲ್ಲ. ವಿಮಾನ ಇಳಿದ ಮೇಲೆ ಇನ್ನೊಬ್ಬ ಅಧಿಕಾರಿ ಕೇಳುತ್ತಾರೆ. ಎಷ್ಟು ದಿನ ಅಂತ ಅವರೇ ತೀರ್ಮಾನಿಸಿ ಐ-94 ಅನ್ನುವ ಪ್ರವೇಶ ದಾಖಲೆಯಲ್ಲಿ ಬರೆಯುತ್ತಾರೆ, ಬಿ-2 ಅಂದರೆ ವಿಸಿಟರ್ ವೀಸಾ ಆದರೆ ಸಾಮಾನ್ಯವಾಗಿ 6 ತಿಂಗಳು. ಫೋನ್ ತೆರೆದು ನೋಡುವ ಅಧಿಕಾರವೂ ಅವರಿಗಿದೆ. ವಾಟ್ಸಾಪ್‌ನಲ್ಲಿ ನೀವೇ ಬರೆದಿರುತ್ತೀರಿ, "ಅಮ್ಮಾ, ನೀನು ಬಂದ ಮಾರನೇ ದಿನಾನೇ ಡೇ ಕೇರ್ ಬಿಡಿಸ್ತೀವಿ" ಅಂತ. ಸುಮ್ನೆ ಊರು ನೋಡೋಕೆ ಬಂದೆ ಅಂದಿದ್ದ ಅಮ್ಮ ಈಗ ಏನು ಹೇಳಬೇಕು? ರಾತ್ರಿಯೆಲ್ಲ ನಿದ್ದೆ ಇಲ್ಲ, ಅವರ ಇಂಗ್ಲಿಷ್ ಅರ್ಧ ಅರ್ಥವಾಗುತ್ತಿಲ್ಲ, ಹೊರಗೆ ಕಾಯುತ್ತಿರುವ ನಿಮಗೆ ಒಳಗೆ ಏನಾಗುತ್ತಿದೆ ಅಂತಲೂ ಗೊತ್ತಿಲ್ಲ. ವೀಸಾಕ್ಕಾಗಿ ಬೇಕಂತಲೇ ಸುಳ್ಳು ಹೇಳಿದರು ಅಂತ ದಾಖಲಾದರೆ ಅದು ಜೀವನಪೂರ್ತಿಯ ನಿಷೇಧ. ವಿನಾಯಿತಿ ಸಿಕ್ಕರೆ ಮಾತ್ರ ಮತ್ತೆ ಒಳಗೆ. ನಿಷೇಧ ಬೀಳುವುದು ನಿಮ್ಮ ಮೇಲಲ್ಲ. ಅಮ್ಮನ ಮೇಲೆ!

ಒಂದು ನಿಮಿಷ, ಈ ಚಾನೆಲ್ ಇನ್ನೂ ಸಬ್‌ಸ್ಕ್ರೈಬ್ ಮಾಡಿಲ್ಲದವರು ಮಾಡಿಬಿಡಿ. ಇಂಥ ಮಾತನ್ನು ಏಜೆಂಟರು ನಿಮಗೆ ಹೇಳುವುದಿಲ್ಲ.

ಈಗ ಶುರುವಾಗುತ್ತದೆ, "ಅಜ್ಜಿ ಮೊಮ್ಮಗು ಎತ್ತಿಕೊಂಡರೆ ತಪ್ಪಾ?" ತಪ್ಪು ಅಂತ ಯಾರು ಹೇಳಿದರು? ಮಗಳ ಬಾಣಂತನಕ್ಕೆ ಬಂದು ಮೂರು ತಿಂಗಳು ಜೊತೆಗಿದ್ದು ಹೋಗುವುದನ್ನು ನಿಜವಾಗಿ ಹೇಳಿ. ಆಫೀಸರ್‌ಗಳು ದಿನಾ ಕೇಳುವ ಉತ್ತರ ಅದು. ಬ್ರಿಟನ್‌ನ ಮಾರ್ಗಸೂಚಿಯಲ್ಲಂತೂ ಇದರ ಪ್ರಸ್ತಾಪವೇ ಇದೆ: ವಿಸಿಟರ್ ಆಗಿ ಬಂದ ಸಂಬಂಧಿಕರು ಸ್ವಲ್ಪ ಕಾಲ ಮಗು ನೋಡಿಕೊಳ್ಳಬಹುದು, ಆದರೆ ಅದು ಆಯಾ ಕೆಲಸ ಆಗಬಾರದು. ನೀವು ಮಾಡಿಸುತ್ತಿರುವುದು ಅದನ್ನೇ ಅಲ್ವಾ? ಬೆಳಗ್ಗೆ ಎಂಟಕ್ಕೆ ಇಬ್ಬರೂ ಹೊರಟರೆ ಸಂಜೆ ಆರಕ್ಕೆ ಬರುವುದು. ಅಷ್ಟೂ ಹೊತ್ತು ಮನೆಯಲ್ಲಿ ಅಮ್ಮ ಒಬ್ಬರೇ. ಕಾರು ಓಡಿಸಲು ಬರುವುದಿಲ್ಲ, ಹೊರಗೆ ಹಿಮ. ನೋಯುವ ಮಂಡಿ ಹಿಡಿದುಕೊಂಡು ಮಗುವಿನ ಹಿಂದೆ ಮೆಟ್ಟಿಲು ಹತ್ತಬೇಕು. ಜಾರಿ ಬಿದ್ದರೆ ಅಮೆರಿಕ ಸರ್ಕಾರದ ಆರೋಗ್ಯ ವಿಮೆ ಮೆಡಿಕೇರ್ ಇಲ್ಲ, ಅದು ವಿಸಿಟರ್‌ಗಳಿಗಲ್ಲ. ನೀವು ತೆಗೆದ ಅಗ್ಗದ ಇನ್ಶೂರೆನ್ಸ್‌ನಲ್ಲಿ ಹಳೆಯ ಕಾಯಿಲೆಗೆ ಕವರ್ ಇದೆಯಾ, ಓದಿ ನೋಡಿದ್ದೀರಾ?

"ಬೇರೆ ದಾರಿ ಎಲ್ಲಿದೆ?" ಅನ್ನುವವರು ಕೆನಡಾ ನೋಡಿ. ಅಲ್ಲಿ ಅಪ್ಪ-ಅಮ್ಮ, ಅಜ್ಜ-ಅಜ್ಜಿಯರಿಗೆ ಅಂತಲೇ ಸೂಪರ್ ವೀಸಾ ಇದೆ, 2022ರಿಂದ ಒಂದು ಸಲಕ್ಕೆ 5 ವರ್ಷ ಇರಬಹುದು. ಆದರೆ ಕರೆಸುವವರಿಗೆ ಇಂತಿಷ್ಟು ಆದಾಯ ಇರಬೇಕು, ಕನಿಷ್ಠ 1 ಲಕ್ಷ ಕೆನಡಿಯನ್ ಡಾಲರ್‌ನ ಆರೋಗ್ಯ ವಿಮೆಯೂ ಬೇಕು. ಆಸ್ಟ್ರೇಲಿಯಾದಲ್ಲಿ 870 ಅಂತ ಪೇರೆಂಟ್ ವೀಸಾ ಇದೆ, 3 ಅಥವಾ 5 ವರ್ಷಕ್ಕೆ. ದುಡ್ಡು ಜಾಸ್ತಿ, ಹೌದು. ಅಮೆರಿಕದಲ್ಲಿ ಅಂಥದ್ದು ಇಲ್ಲ ಅನ್ನುವುದೂ ನಿಜ. ಇಲ್ಲ ಅಂದಮೇಲೆ ಅಮ್ಮನ ಕೈಲಿ ಸುಳ್ಳು ಹೇಳಿಸಬಹುದಾ?

"ಎಲ್ಲರೂ ಹೀಗೇ ಮಾಡೋದು, ನೀವೊಬ್ಬರೇ ದೊಡ್ಡದು ಮಾಡ್ತೀರಿ." ಮಾಡುತ್ತೇನೆ, ಇನ್ನೂ ಮಾಡುತ್ತೇನೆ! ಸಿಕ್ಕಿಬಿದ್ದು ವಾಪಸ್ ವಿಮಾನ ಹತ್ತಿದವರ ಮಕ್ಕಳು ಯಾರೂ ಅದನ್ನು ಸ್ಟೇಟಸ್ ಹಾಕುವುದಿಲ್ಲ. ನಿಮಗೆ ಇನ್ನೊಂದು ಕೆಲಸ ಸಿಗುತ್ತದೆ, ಇನ್ನೊಂದು ಡೇ ಕೇರ್ ಸಿಗುತ್ತದೆ. ಮೊಮ್ಮಗುವನ್ನು ಮುಂದೆ ಫೋನಿನಲ್ಲೇ ನೋಡಬೇಕಾಗುವುದು ಅವರು. ನೀವಲ್ಲ ರೀ, ಅವರು!

ಆ ಕಾಮೆಂಟ್ ಹಾಕಿದವರಿಗೆ ನೇರವಾಗಿ ಹೇಳುತ್ತೇನೆ. ಇವತ್ತೇ ಅಮ್ಮನಿಗೆ ಫೋನ್ ಮಾಡಿ, "ಇದ್ದದ್ದು ಇದ್ದ ಹಾಗೆ ಹೇಳು" ಅನ್ನಿ. ಆರು ತಿಂಗಳು ಬರೋಕೆ ಅವರಿಗೆ ನಿಜವಾಗಲೂ ಇಷ್ಟ ಇದೆಯಾ, ಅದನ್ನೂ ಕೇಳಿ, ಅತ್ತೆಯವರನ್ನೂ ಕೇಳಿ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಏನೇನು ನೋಡಬೇಕು ಅಂತ ಮುಂದಿನ ವಾರ ಪೂರ್ತಿ ಎಪಿಸೋಡ್ ಮಾಡುತ್ತಿದ್ದೇನೆ, ಬೆಲ್ ಒತ್ತಿಟ್ಟುಕೊಳ್ಳಿ. ಇಂಟರ್‌ವ್ಯೂಗೆ ಸುಳ್ಳು ಹೇಳಿಕೊಡಿ ಅಂತ ಮಾತ್ರ ಇನ್ನು ಮೇಲೆ ಇಲ್ಲಿ ಕೇಳಬೇಡಿ, ನಾನು ಹೇಳಿಕೊಡುವುದಿಲ್ಲ.