ಯಾರು ಬರ್ತೀನಿ ಅಂದದ್ದು?

ಮುಂಬೈಯ ದಾದರ್ ಸ್ಟೇಷನ್ನಿನಲ್ಲಿ ಕಾಯುತ್ತಿರುವ ಒಬ್ಬರು ಗೆಳೆಯನನ್ನು ಕೇಳುತ್ತಾರೆ: “ರವಿ ಯಾವ ಲೋಕಲ್‌ಗೆ ಬರ್ತೀನಿ ಅಂದ?”

‘ಬರ್ತೀನಿ’ ಉತ್ತಮ ಪುರುಷ, ಅಂದರೆ ‘ನಾನು’ ಎಂಬುದಕ್ಕೆ ಹೊಂದುವ ರೂಪ. ಆದರೆ ಬರುವವನು ಕೇಳುತ್ತಿರುವವನಲ್ಲ, ರವಿ. ಅದನ್ನೇ ‘ಬರ್ತಾನೆ ಅಂದ’ ಎಂದು ಬದಲಿಸಿ ನೋಡಿ. ರವಿ ತನ್ನ ತಮ್ಮನ ಬಗ್ಗೆ ಹೇಳಿರಬೇಕು, ಇಲ್ಲವೇ ರವಿಯ ಬಗ್ಗೆ ಇನ್ಯಾರೋ ಹೇಳಿರಬೇಕು. ಹೇಗಿದ್ದರೂ ಅಂದವನು ಬೇರೆ, ಬರುವವನು ಬೇರೆ. ಬದಲಾದದ್ದು ಒಂದು ಪ್ರತ್ಯಯ ಅಷ್ಟೇ.

“ಅದು ರವಿ ಆಡಿದ ಮಾತನ್ನೇ ಒಪ್ಪಿಸಿದ್ದು ಅಲ್ವಾ?” ಅಂತ ನಿಮ್ಮಲ್ಲಿ ಯಾರಾದರೂ ಕೇಳಬಹುದು. ಅಲ್ಲ. ರವಿಯ ಮಾತಿನಲ್ಲಿ ‘ಯಾವ’ ಇರಲೇ ಇಲ್ಲ. ಅವನು ‘8.15ರ ಲೋಕಲ್‌ಗೆ’ ಅಂತಲೋ ಏನೋ ಅಂದಿದ್ದ. ಪ್ರಶ್ನೆ ನಮ್ಮದು, ಪ್ರತ್ಯಯ ಅವನದು, ಎರಡೂ ಒಂದೇ ಒಳವಾಕ್ಯದಲ್ಲಿವೆ.

ಈಗ ‘ತಾನು’ ಸೇರಿಸಿ: “ರವಿ ತಾನು ಬರ್ತೀನಿ ಅಂದ.” ತಾನು ಪ್ರಥಮ ಪುರುಷ (‘ಅವನು’ ಇದ್ದ ಹಾಗೆ), ಕ್ರಿಯಾಪದ ಉತ್ತಮ ಪುರುಷ. ‘ಅವನು ಬರ್ತೀನಿ’ ಅಂದರೆ ಮಕ್ಕಳೂ ನಗುತ್ತಾರೆ. ಇದಕ್ಕೆ ಮಾತ್ರ ಯಾರೂ ನಗುವುದಿಲ್ಲ.

2000ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿ ‘ಅಗ್ರೀ’ (ಹೊಂದಾಣಿಕೆ) ಎಂಬ ವಿವರಣೆ ಕೊಟ್ಟರು. ಕ್ರಿಯಾಪದಕ್ಕೆ ಸೇರಿದ ಒಂದು ಅಂಶ ಹತ್ತಿರದ ನಾಮಪದವನ್ನು ಹುಡುಕಿ, ಅದರ ಲಿಂಗ, ವಚನ, ಪುರುಷಗಳನ್ನು ಪಡೆಯುತ್ತದೆ. ಹುಡುಕಾಟಕ್ಕೆ ಗಡಿ ಇದೆ, ಮನಸ್ಸಿಗೆ ಬಂದಷ್ಟು ದೂರ ಹೋಗುವ ಹಾಗಿಲ್ಲ. ಹತ್ತಿರ ಸಿಗುವುದು ‘ತಾನು’. ಹಾಗಾದರೆ ‘ಬರ್ತಾನೆ’ ಆಗಬೇಕಿತ್ತು. ತಮಿಳು, ತೆಲುಗಿನಲ್ಲೂ ಇಂಥದ್ದೇ ತೊಡಕಿದೆ. ಕೆಲವು ಭಾಷಾವಿಜ್ಞಾನಿಗಳ ಉತ್ತರ ಹೀಗೆ: ‘ಅಂದ’ ಎಂಬುದರ ಕೆಳಗಿನ ವಾಕ್ಯದಲ್ಲಿ, ಹೇಳಿದವನನ್ನು ಸೂಚಿಸುವ, ಕಿವಿಗೆ ಕೇಳಿಸದ ಒಂದು ಘಟಕವಿದೆ. ಪ್ರತ್ಯಯ ಹೊಂದಿಕೊಳ್ಳುವುದು ಅದಕ್ಕೆ. ಕಾಣದ ಪದಗಳನ್ನು ಸುಮ್ನೆ ಹುಟ್ಟಿಸುವವರ ಬಗ್ಗೆ ನನಗೆ ಅನುಮಾನ ಜಾಸ್ತಿ. ಆದರೂ ಇಲ್ಲಿ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುತ್ತಿಲ್ಲ.

ಪಕ್ಕದ ಮರಾಠಿಯ ಲೆಕ್ಕವೇ ಬೇರೆ. ‘ರಾಮಾನೇ ಪೋಳೀ ಖಾಲ್ಲೀ ಆಣಿ ಗೇಲಾ.’ ಅಂದರೆ ರಾಮ ಚಪಾತಿ (ಪೋಳಿ) ತಿಂದು ಹೋದ. ಖಾಲ್ಲೀ ಸ್ತ್ರೀಲಿಂಗ, ಪೋಳಿಗೆ ಹೊಂದಿದ್ದು. ಗೇಲಾ ಪುಲ್ಲಿಂಗ, ಹೋದವನು ರಾಮ. ಪೋಳಿ ಎದ್ದು ಹೋಯಿತು ಅಂತ ಯಾರೂ ತಿಳಿಯುವುದಿಲ್ಲ.

ಪುರುಷಪ್ರತ್ಯಯ ಇಲ್ಲದ ರೂಪಗಳೂ ಕರ್ತೃವಿನ ಜಾಡು ಹಿಡಿಯುತ್ತವೆ. ‘ರವಿ ಬಂದು ಕೂತ’ ಅಂದರೆ ಬಂದವನೇ ಕೂತ. ಉತ್ತರ ಅಮೆರಿಕದ ಕೆಲವು ಮೂಲನಿವಾಸಿ ಭಾಷೆಗಳಲ್ಲಿ ‘ಕರ್ತೃ ಅದೇ’, ‘ಕರ್ತೃ ಬದಲಾಯಿತು’ ಎಂದು ತಿಳಿಸಲೆಂದೇ ಪ್ರತ್ಯಯಗಳಿವೆ. ಭಾಷಾವಿಜ್ಞಾನಿ ವಿಲಿಯಂ ಜೇಕಬ್ಸನ್ 1967ರಲ್ಲಿ ಇದನ್ನು ‘ಸ್ವಿಚ್ ರೆಫರೆನ್ಸ್’ ಎಂದು ಕರೆದರು. ನಮ್ಮ ‘ಬಂದು’ ಅಷ್ಟು ಕಟ್ಟುನಿಟ್ಟಲ್ಲ. ‘ಮಳೆ ಬಂದು ಲೋಕಲ್ ನಿಂತಿತು’ ಅಂತ ಜುಲೈ ಬಂದರೆ ಎಲ್ಲರೂ ಹೇಳುತ್ತೇವೆ.

ಕನ್ನಡ ನಿಜಕ್ಕೂ ಕೈಕೊಡುವುದು ನಿಷೇಧದಲ್ಲಿ. ನಾನು ಬರಲ್ಲ, ಅವನು ಬರಲ್ಲ, ನೀವು ಬರಲ್ಲ. ರೂಪ ಒಂದೇ. ‘ರವಿ ಬರಲ್ಲ ಅಂದ’ ಅಂದರೆ ಬರದವನು ರವಿಯೋ, ತಮ್ಮನೋ? ಪ್ರತ್ಯಯದ ನೆರವಿಲ್ಲದಿದ್ದಾಗ ‘ತಾನು ಬರಲ್ಲ ಅಂದ’ ಎಂದು ಬಿಡಿಸಿ ಹೇಳಬೇಕಾಗುತ್ತದೆ. ಇಲ್ಲದಿದ್ದರೆ ಕೇಳಿಸಿಕೊಂಡವರು “ಯಾರು, ರವಿನಾ?” ಅಂತ ತಿರುಗಿ ಕೇಳುತ್ತಾರೆ.