63ನೇ ಪುಟದ ಹುಣ್ಣು

ಮೊನ್ನೆ ಮನೆಯ ವೈಫೈ ಕೈಕೊಟ್ಟಿತು. ರೂಟರ್ ಬದಲಾಯಿಸಲು ಬಂದ ಹುಡುಗ ಹಳೆಯದನ್ನು ಎತ್ತಿದ. ಅದರ ಕೆಳಗೊಂದು ಪುಸ್ತಕ. "ಸಾರ್, ಇದು ಬೇಕಾ?" ಅಂತ ಧೂಳು ಕೊಡವಿ ನನ್ನ ಕೈಗಿಟ್ಟ.

ಇದೇ ಆ ಪುಸ್ತಕ. ಮುಖಪುಟದ ಮೇಲೆ ನಾಲ್ಕು ದುಂಡನೆಯ ಗುರುತು ಕಾಣಿಸುತ್ತಿದೆಯಲ್ಲ, ಅವು ರೂಟರಿನ ರಬ್ಬರ್ ಕಾಲುಗಳು. ಲೇಖಕನ ಹೆಸರನ್ನು ಹೆಬ್ಬೆರಳಿಂದ ಮುಚ್ಚಿದ್ದೇನೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಒಳಗಿನ ಮೊದಲ ಪುಟ. "ಗೆಳೆಯನಿಗೆ, ಓದಿ ಬೈಯುತ್ತೀಯ ಅನ್ನುವ ನಂಬಿಕೆಯಿಂದ." ಕೆಳಗೆ ಸಹಿ, 2019ರ ಒಂದು ತಾರೀಖು. ಅಲ್ಲಿಂದ ಇಲ್ಲಿಗೆ ಈ ಪುಸ್ತಕ ನನ್ನ ಜೊತೆ ಮೂರು ಬಾಡಿಗೆ ಮನೆ ಕಂಡಿದೆ. ನಾನು ಒಂದು ಸಲವೂ ಬೈದಿಲ್ಲ. ಓದಿದ್ದರೆ ತಾನೇ ಬೈಯೋದು?

ನಮಸ್ಕಾರ. ಇವತ್ತು ಊಟದ ವ್ಲಾಗ್ ಅಲ್ಲ, ಟ್ರಿಪ್ ವ್ಲಾಗೂ ಅಲ್ಲ. ಒಂದು ತಪ್ಪೊಪ್ಪಿಗೆ, ಅದರ ಹಿಂದೆಯೇ ಗಾಂಧಿ ಬಜಾರಿಗೆ ಒಂದು ಸುತ್ತು.

ಇವನೂ ನಾನೂ ಹಾಸನದಲ್ಲಿ ಒಟ್ಟಿಗೆ ಓದಿದವರು. ಇದು ಅವನ ಮೊದಲ ಕಥಾಸಂಕಲನ. ಬಿಡುಗಡೆಗೆ ನಾನೂ ಹೋಗಿದ್ದೆ. ಭಾನುವಾರ ಬೆಳಿಗ್ಗೆ ಹತ್ತೂವರೆ ಅಂದರೆ ಹನ್ನೊಂದೂಕಾಲು. ಉಪ್ಪಿಟ್ಟು, ಕೇಸರಿಬಾತ್, ಕಾಫಿ. ವೇದಿಕೆ ಮೇಲೆ ನಾಲ್ಕು ಜನ ಬಣ್ಣದ ಕಾಗದ ಹರಿದು, ಪುಸ್ತಕವನ್ನು ಎದೆಗೆ ಹಿಡಿದು ಫೋಟೋಗೆ ನಿಂತರು. ಒಬ್ಬರು ಅವನನ್ನು "ಭರವಸೆಯ ಕಥೆಗಾರ" ಅಂದರು. ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಭರವಸೆಯ ಕಥೆಗಾರರಾಗೇ ಉಳಿದವರೂ ಇದ್ದಾರೆ, ಅದಿರಲಿ.

ಬಾಗಿಲ ಹತ್ತಿರ ಒಂದು ಮೇಜು, ಅದರ ಮೇಲೆ ಪುಸ್ತಕದ ರಾಶಿ. ಬೆಲೆ 120 ರೂಪಾಯಿ. ಅವನ ಚಿಕ್ಕಪ್ಪ ಹತ್ತು ಪ್ರತಿ ಕೊಂಡರು. ಬ್ಯಾಂಕಿನ ಸಹೋದ್ಯೋಗಿಗಳು ಒಂದೊಂದು ತಗೊಂಡರು. ನಾನು ಜೇಬಿಗೆ ಕೈ ಹಾಕಿದೆ. ಸುಮ್ನೆ ಹಾಕಿದ್ದು ಅಷ್ಟೇ, ನಿಜ ಹೇಳಬೇಕಲ್ವಾ. "ನಿನ್ನ ಹತ್ರ ದುಡ್ಡು ತಗೋತೀನೇನೋ?" ಅಂತ ಸಹಿ ಹಾಕಿ ಕೊಟ್ಟುಬಿಟ್ಟ. ಗೌರವ ಪ್ರತಿ! ಗೌರವ ಕೊಟ್ಟಿದ್ದು ಅವನು, ಅದನ್ನು ರೂಟರ್ ಕೆಳಗೆ ಇಟ್ಟಿದ್ದು ನಾನು.

ಹುಡುಗ ಹೋದ ಮೇಲೆ ಇಂಟರ್ನೆಟ್ ಬರೋಕೆ ಇನ್ನೂ ಎರಡು ಗಂಟೆ ಬೇಕಿತ್ತು. ಬೇರೆ ಕೆಲಸ ಇರಲಿಲ್ಲ. ಓದಿದೆ.

ಮೊದಲ ಕಥೆ ಅಷ್ಟಕ್ಕಷ್ಟೆ. ಎರಡನೆಯದು ಇನ್ನೂ ಸಪ್ಪೆ. ಮೂರನೆಯದರಲ್ಲಿ ಒಬ್ಬ ಅಜ್ಜಿ ಬರುತ್ತಾಳೆ. ಸಂತೆ ದಿನ ತೋಟದ ಪೇರಳೆ ಮಾರಲು ಹೋದವಳು, ಮಾರದೆ ವಾಪಸ್ ಬರುತ್ತಾಳೆ. ಯಾಕೆ ಮಾರಲಿಲ್ಲ ಅಂತ ಮನೆಯಲ್ಲಿ ಯಾರಿಗೂ ಹೇಳುವುದಿಲ್ಲ. ಕಥೆಯೂ ಹೇಳುವುದಿಲ್ಲ. ಆದರೆ ಕೊನೆಗೆ ನಮಗೆ ಗೊತ್ತಾಗುತ್ತದೆ. ಓದಿ ಮುಗಿಸಿ ಬಾಲ್ಕನಿಗೆ ಹೋಗಿ ಸ್ವಲ್ಪ ಹೊತ್ತು ನಿಂತೆ. ಇಂಥದ್ದನ್ನು ನನ್ನ ಜೊತೆ ಬೆಂಚಿನಲ್ಲಿ ಕೂತಿದ್ದವನು ಬರೆದಿದ್ದಾನೆ. ನನಗೆ ಗೊತ್ತೇ ಇಲ್ಲ.

ಆ ಕಥೆಯಲ್ಲಿ, 63ನೇ ಪುಟದಲ್ಲಿ, ಕ್ಯಾಮೆರಾ ಹತ್ತಿರ ತರುತ್ತೇನೆ ನೋಡಿ. "ಅಜ್ಜಿ ಸೆರಗಿನ ತುಂಬ ಹುಣ್ಣು ಕಟ್ಟಿಕೊಂಡು ಬಂದಳು." ಹಣ್ಣು ಅಚ್ಚಿನಲ್ಲಿ ಹುಣ್ಣಾಗಿದೆ. ಆ 'ಹು'ವಿನ ಕೊಂಬಿನ ಮೇಲೆ ನೀಲಿ ಪೆನ್ನಿನಲ್ಲಿ ಒಂದು ಸಣ್ಣ ಗೀಟು. ಕೊಂಬು ಹೊಡೆದು ಹಾಕಿದ್ದಾನೆ. ಹುಣ್ಣು ಮತ್ತೆ ಹಣ್ಣಾಗಿದೆ.

ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದೆ. ಇಷ್ಟು ವರ್ಷದ ಮೇಲೆ ಓದಿದೆ ಅನ್ನುವುದಕ್ಕೆ ನಾಚಿಕೆ. ಆದರೂ ಹೇಳಿದೆ. ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ ಅವನು ಕೇಳಿದ್ದು ಒಂದೇ. "ಯಾವ ಕಥೆ?"

ಅಜ್ಜಿ ಕಥೆ ಅಂದೆ. ಹುಣ್ಣಿನ ವಿಷಯವನ್ನೂ ಹೇಳಿದೆ. ನಕ್ಕ. "ಗುರೂ, ಅದು ಬೈಂಡಿಂಗ್ ಆಗಿ ಬಂದ ಮೇಲೆ ಕಣ್ಣಿಗೆ ಬಿತ್ತು. ಮತ್ತೆ ಪ್ರಿಂಟ್ ಮಾಡಿಸೋ ಶಕ್ತಿ ಇರಲಿಲ್ಲ. ಅಮ್ಮ ಕಟ್ಟು ಬಿಚ್ಚಿ ಕೊಡ್ತಾ ಹೋದ್ರು, ನಾನು ಗೀಟು ಹಾಕ್ತಾ ಹೋದೆ. ಐನೂರು ಪ್ರತಿ. ಎರಡು ರಾತ್ರಿ."

ಈಗ ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಕನ್ನಡದಲ್ಲಿ ಹೊಸಬರ ಪುಸ್ತಕ ಸಾಮಾನ್ಯವಾಗಿ 500 ಪ್ರತಿ ಅಚ್ಚಾಗುತ್ತದೆ. ಧೈರ್ಯ ಇದ್ದರೆ 1000. ಬೆಲೆ 150 ರೂಪಾಯಿ ಅಂದುಕೊಳ್ಳಿ. ಅದರಲ್ಲಿ ಅಂಗಡಿ, ವಿತರಕರ ಪಾಲೇ ಮೂರರಲ್ಲಿ ಒಂದು ಭಾಗದ ಹತ್ತಿರ ಹೋಗುತ್ತದೆ. ಲೇಖಕರಿಗೆ ನೂರಕ್ಕೆ ಹತ್ತರ ಲೆಕ್ಕದಲ್ಲಿ ಗೌರವಧನ ಸಿಕ್ಕರೆ, ಒಂದು ಪ್ರತಿಗೆ 15 ರೂಪಾಯಿ. ಐನೂರೂ ಖರ್ಚಾದರೆ 7,500. ಎಷ್ಟೋ ಸಲ ಅದೂ ದುಡ್ಡಾಗಿ ಬರುವುದಿಲ್ಲ, ಪುಸ್ತಕದ ಕಟ್ಟಾಗಿ ಬರುತ್ತದೆ. ನನ್ನ ಗೆಳೆಯನದು ಇನ್ನೂ ಒಂದು ಹೆಜ್ಜೆ ಮುಂದೆ. ಕೈಯಿಂದಲೇ ದುಡ್ಡು ಹಾಕಿ ಅಚ್ಚು ಮಾಡಿಸಿದವನು. 140 ಪ್ರತಿ ಈಗಲೂ ಮಂಚದ ಕೆಳಗಿದೆಯಂತೆ.

ದುಡ್ಡಿನ ವಿಷಯ ಅವನಿಗೆ ಅಷ್ಟಾಗಿ ನೋವಿಲ್ಲ. "ಖರ್ಚಾದ ಪ್ರತಿಗಳಲ್ಲಿ ಮುಕ್ಕಾಲು ಪಾಲು ಯಾರ ಮನೆಯಲ್ಲಿದೆ ಅಂತ ನನಗೇ ಗೊತ್ತು" ಅಂದ. "ಚಿಕ್ಕಪ್ಪನ ಮನೆ, ಮೇಷ್ಟ್ರ ಮನೆ, ನಿನ್ನ ಮನೆ. ನನಗೆ ಗೊತ್ತಿಲ್ಲದವರು ಎಷ್ಟು ಜನ ಕೊಂಡರು ಅನ್ನೋದು ಗೊತ್ತಾಗಬೇಕಿತ್ತು ಕಣೋ."

ಈ ಮಾತು ತಲೆಯಲ್ಲಿ ಕೂತುಬಿಟ್ಟಿತು. ವ್ಲಾಗಿನಲ್ಲಿ ನಿನ್ನ ಪುಸ್ತಕ ತೋರಿಸುತ್ತೇನೆ ಅಂದೆ. ಬೇಡ ಅಂದ. "ಗೆಳೆಯನಿಗೆ ಪ್ರಚಾರ ಅಂತಾರೆ. ನಿನಗೆ ಮುಖ ಪರಿಚಯವೂ ಇಲ್ಲದವರದ್ದು ತೋರಿಸು." ಹೆಬ್ಬೆರಳಿನ ಗುಟ್ಟು ಇದು.

ಹಾಗಾಗಿ ಈ ಶನಿವಾರ ಗಾಂಧಿ ಬಜಾರು. ಹೂವಿನ ಸಾಲು, ಹಣ್ಣಿನ ಗಾಡಿ. ಪಾರ್ಕಿಂಗ್ ಸಿಗದೆ ಎರಡು ಸುತ್ತು ಹೊಡೆದದ್ದನ್ನು ಎಡಿಟ್ ಮಾಡಿ ತೆಗೆದಿದ್ದೇನೆ.

ಕನ್ನಡದಲ್ಲಿ ಪುಸ್ತಕ ಮಾರುವುದು ಯಾವತ್ತೂ ಸುಲಭ ಇರಲಿಲ್ಲ. ನೂರು ವರ್ಷದ ಹಿಂದೆ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿದಾಗ ಅದನ್ನು ಕಾಪಾಡಿದ್ದು ಚಂದಾದಾರರು. ಮುಂಗಡವಾಗಿ ದುಡ್ಡು ಕಟ್ಟಿ, ಮನೆಗೆ ಯಾವ ಪುಸ್ತಕ ಬಂದರೂ ಓದುತ್ತಿದ್ದ ಜನ. ಆ ಮಾಲೆಯಲ್ಲೇ 1961ರಲ್ಲಿ ಇಪ್ಪತ್ಮೂರರ ಹುಡುಗನೊಬ್ಬನ ಮೊದಲ ನಾಟಕ ಬಂತು. ನಾಟಕ 'ಯಯಾತಿ', ಹುಡುಗ ಗಿರೀಶ ಕಾರ್ನಾಡ. ಅಂಚೆಯಲ್ಲಿ ಬಂದ ಆ ಪುಸ್ತಕ ಬಿಡಿಸಿದ ಯಾವುದೋ ಊರಿನ ಮೇಷ್ಟ್ರನ್ನು ನೆನೆಸಿಕೊಳ್ಳಿ. ಯಾರಪ್ಪ ಈ ಹುಡುಗ ಅಂದುಕೊಂಡೇ ಓದಿರಬೇಕು ಅಲ್ವಾ. ಆ ಮೇಷ್ಟ್ರ ಮೇಲೆ ನನಗೆ ಕಾರ್ನಾಡರ ಮೇಲಿನಷ್ಟೇ ಪ್ರೀತಿ.

ನನ್ನ ಕಥೆ ಕೇಳಿ. ಬಾನು ಮುಷ್ತಾಕ್ ಅವರು ಹಾಸನದವರು, ನಮ್ಮೂರಿನವರು. ಅವರ ಮೊದಲ ಸಂಕಲನ 'ಹೆಜ್ಜೆ ಮೂಡಿದ ಹಾದಿ' 1990ರಲ್ಲಿ ಬಂತು. 2025ರ ಮೇ ತಿಂಗಳಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಇಂಟರ್‌ನ್ಯಾಷನಲ್ ಬುಕರ್ ಬಂತು, ಅನುವಾದ ದೀಪಾ ಭಾಸ್ತಿಯವರದು. ಆ ವಾರ ಅಂಗಡಿಗೆ ಹೋಗಿ "ಅವರ ಪುಸ್ತಕ ಇದೆಯಾ" ಅಂತ ಕೇಳಿದವರ ಸಾಲಿನಲ್ಲಿ ನಾನೂ ಇದ್ದೆ. ಮಧ್ಯೆ ಮೂವತ್ತೈದು ವರ್ಷ. ಒಂದೇ ಊರು. ಕಥೆ ಲಂಡನ್ನಿಗೆ ಹೋಗಿ ಬಂದ ಮೇಲೆ ನನ್ನ ಕೈಗೆ ಸಿಕ್ಕಿತು. ಸ್ಟೇಟಸ್ಸಿನಲ್ಲಿ ಮಾತ್ರ "ನಮ್ಮ ಹಾಸನದ ಹೆಮ್ಮೆ" ಅಂತ ಎಲ್ಲರಿಗಿಂತ ಮೊದಲು ಹಾಕಿದ್ದೆ.

ಅಂಗಡಿಯ ಒಳಗೆ ಬಂದೆ. ಮುಂದಿನ ಮೇಜಿನ ಮೇಲೆ ಎಲ್ಲರೂ ಬಲ್ಲ ಹೆಸರುಗಳು. ಅದರಲ್ಲಿ ತಪ್ಪಿಲ್ಲ, ಅಂಗಡಿಯವರೂ ಬಾಡಿಗೆ ಕಟ್ಟಬೇಕು. ಕೌಂಟರಿನಲ್ಲಿದ್ದ ಅಣ್ಣನನ್ನು ಕೇಳಿದೆ, "ಮೊದಲನೇ ಪುಸ್ತಕ ಬರೆದವರದ್ದು ಏನಿದೆ ಅಣ್ಣ?" ಅವರು ಕನ್ನಡಕ ಹಣೆಗೆ ಏರಿಸಿ ನನ್ನನ್ನೇ ನೋಡಿದರು. "ಯಾರದ್ದು ಬೇಕು ಅಂತ ಕೇಳ್ತಾರೆ. ಹೀಗೆ ಯಾರೂ ಕೇಳಲ್ಲ ಸಾರ್" ಅಂದರು. ಆಮೇಲೆ ಏಣಿ ತಂದರು. ಹೌದು, ಏಣಿ. ಮೇಲಿನ ಸಾಲು, ಗೋಡೆ ಮೂಲೆ. ಅಲ್ಲಿಂದ ಒಂದೊಂದೇ ಕೆಳಗಿಳಿಸಿ ಬೆನ್ನು ಒರೆಸಿ ಕೊಟ್ಟರು.

ಹುಡುಕುವವರಿಗೆ ಇದೊಂದು ದಾರಿ. ಇನ್ನೊಂದು ದಾರಿಯನ್ನು ಕೆಲವು ಪ್ರಕಾಶಕರೇ ಮಾಡಿಕೊಟ್ಟಿದ್ದಾರೆ. ಕಥೆಗಾರ ವಸುಧೇಂದ್ರ ಅವರ ಛಂದ ಪುಸ್ತಕ ಹೊಸ ಕಥೆಗಾರರ ಹಸ್ತಪ್ರತಿಗಳಿಗೆ ಸ್ಪರ್ಧೆ ಇಟ್ಟು, ಬಹುಮಾನ ಕೊಟ್ಟು, ಪುಸ್ತಕವನ್ನೂ ತರುತ್ತದೆ. ಪದ್ಮನಾಭ ಭಟ್ ಶೇವ್ಕಾರ ಅವರ ಮೊದಲ ಸಂಕಲನ 'ಕೇಪಿನ ಡಬ್ಬಿ' ಅಲ್ಲಿಂದಲೇ ಬಂದದ್ದು. 2018ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಸಿಕ್ಕಿತು. ಆ ಪುರಸ್ಕಾರ 35 ದಾಟದವರಿಗೆ, 2011ರಿಂದ ಕೊಡುತ್ತಿದ್ದಾರೆ. ಅದರ ಕನ್ನಡ ಪಟ್ಟಿ ಹಿಡಿದು ಓದಲು ಶುರು ಮಾಡಿದರೂ ಒಂದು ವರ್ಷಕ್ಕೆ ಸಾಕು. ಕನ್ನಡ ಪುಸ್ತಕ ಪ್ರಾಧಿಕಾರವೂ ಚೊಚ್ಚಲ ಕೃತಿಗಳಿಗೆ ಪ್ರೋತ್ಸಾಹಧನ ಕೊಡುತ್ತದೆ. ದೂರದ ಊರಲ್ಲೋ ದೇಶದಲ್ಲೋ ಇದ್ದರೆ ಮೈಲ್ಯಾಂಗ್ ಆ್ಯಪಿನಲ್ಲಿ ಇ-ಪುಸ್ತಕ, ಆಡಿಯೋ ಸಿಗುತ್ತದೆ. ವಾಟ್ಸಾಪಿನಲ್ಲಿ ತಿರುಗುವ ಪಿಡಿಎಫ್ ಮಾತ್ರ ಬೇಡ. ಐನೂರು ಪ್ರತಿಯ ಪುಸ್ತಕಕ್ಕೆ ಆ ಪೆಟ್ಟು ತಡೆಯುವ ಶಕ್ತಿ ಇಲ್ಲ.

ಅಂಗಡಿಯಲ್ಲೇ ನಿಂತು ಹೇಗೆ ಆರಿಸುವುದು? ನಾನು ಮುನ್ನುಡಿ ಓದುವುದಿಲ್ಲ. ಬೆನ್ನುಡಿಯನ್ನು ನಂಬುವುದಿಲ್ಲ, ಅದನ್ನು ಬರೆದವರು ಲೇಖಕರ ಮೇಷ್ಟ್ರೇ ಆಗಿರುತ್ತಾರೆ. ಮಧ್ಯದ ಕಥೆ ತೆಗೆದು ಎರಡು ಪುಟ ಓದುತ್ತೇನೆ. ಹೊಸಬರು ಮೊದಲ ಕಥೆಯನ್ನು ತಿದ್ದಿ ತಿದ್ದಿ ಗಟ್ಟಿ ಮಾಡಿಬಿಟ್ಟಿರುತ್ತಾರೆ. ಮಧ್ಯದಲ್ಲಿ ಎಲ್ಲೋ ಮೈಮರೆತು ಬರೆದಿರುತ್ತಾರೆ. ಆ ಜಾಗ ಹುಡುಕಬೇಕು.

ಹಾಗೆ ನಿಂತು ಓದಿ ಮೂರು ತಗೊಂಡೆ. ಮೂರರ ಹೆಸರೂ ಡಿಸ್ಕ್ರಿಪ್ಷನ್ನಿನಲ್ಲಿ ಹಾಕಿದ್ದೇನೆ. ಒಂದರ ಬಗ್ಗೆ ಎರಡು ಮಾತು. ಲೇಖಕಿ ನರ್ಸ್. ಆಸ್ಪತ್ರೆಯ ನೈಟ್ ಡ್ಯೂಟಿ. ವಾರ್ಡಿನಲ್ಲಿ ಒಬ್ಬ ತಾತ ಗಂಟೆಗೊಮ್ಮೆ ಎದ್ದು "ನನ್ನ ಚಪ್ಪಲಿ ಎಲ್ಲಿ ಸಿಸ್ಟರ್" ಅಂತ ಕೇಳುತ್ತಾನೆ. ಇಲ್ಲೇ ಇದೆ ತಾತ, ಮಲಗಿ ಅಂತ ಅವಳು. ಕಥೆ ಪೂರ್ತಿ ಇಷ್ಟೇ. ಚಪ್ಪಲಿಯನ್ನು ಮಗ ಯಾವಾಗಲೋ ಮನೆಗೆ ಒಯ್ದಿದ್ದಾನೆ ಅನ್ನುವುದು ಕೊನೆಯ ಪ್ಯಾರಾದಲ್ಲಿ, ಅದೂ ಬೇರೆ ಏನನ್ನೋ ಹೇಳುತ್ತಾ ನಡುವೆ ಬಂದು ಹೋಗುತ್ತದೆ.

ಇನ್ನೊಂದು ಪುಸ್ತಕ ನನಗೆ ಹಿಡಿಸಲಿಲ್ಲ. ಮಾತು ಜಾಸ್ತಿ, ಮಳೆ ಜಾಸ್ತಿ, ಪ್ರತಿ ಕಥೆಯಲ್ಲೂ ಯಾರೋ ಕಿಟಕಿಯಾಚೆ ನೋಡುತ್ತಾ ಕೂರುತ್ತಾರೆ. ಲೇಖಕರಿಗೆ ಇದನ್ನೇ ಮೇಲ್ ಮಾಡಿದೆ, ಯಾವ ಸಾಲು ಚೆನ್ನಾಗಿತ್ತು ಅನ್ನುವುದನ್ನೂ ಸೇರಿಸಿ. ಹೊಸಬರು ಪಾಪ ಅಂತ ಬೆನ್ನು ತಟ್ಟಿ ಕಳಿಸುವುದು ನನಗೆ ಆಗದು. ಓದದೆ ತಟ್ಟುವವರೇ ಅದನ್ನು ಜಾಸ್ತಿ ಮಾಡುವುದು. ನಾನು ಅದರಲ್ಲಿ ಪಳಗಿದವನು. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಬೇಜಾರಾಗಿದೆ ಅಂತ ಗೊತ್ತಾಗುತ್ತಿತ್ತು. ಆದರೆ ಕೊನೆಗೆ ಒಂದು ಪ್ರಶ್ನೆ: "ನೀವು ಪುಸ್ತಕ ಎಲ್ಲಿ ತಗೊಂಡ್ರಿ? ಬೆಂಗಳೂರಿನ ಅಂಗಡಿಯಲ್ಲಿ ಇದೆಯಾ?"

ಬಿಲ್ ಹಾಕಿಸುವಾಗ ಸುಮ್ನೆ ನನ್ನ ಗೆಳೆಯನ ಪುಸ್ತಕದ ಹೆಸರು ಹೇಳಿ ನೋಡಿದೆ. ಆ ಅಣ್ಣ ಕಂಪ್ಯೂಟರ್ ನೋಡಲಿಲ್ಲ, ತಲೆ ಎತ್ತಿ ಮೇಲಿನ ಸಾಲು ನೋಡಿದರು. ಮತ್ತೆ ಏಣಿ. "ಒಂದಿದೆ. ಮೊದಲು ಐದಿತ್ತು."

ಹಾಗಾದರೆ ನಾಲ್ಕು ಹೋಗಿವೆ. ಯಾರು ತಗೊಂಡರು ಅಂತ ಕೇಳಿದೆ. ಅವರು ನಕ್ಕರು. "ಯಾರೋ ಸಾರ್. ಗಿರಾಕಿಗಳು."

120 ರೂಪಾಯಿ ಕೊಟ್ಟೆ. ಈ ಸಲ ಕೈ ನಿಜವಾಗಿ ಜೇಬಿಗೆ ಹೋಯಿತು. ಹೊರಗೆ ಫುಟ್‌ಪಾತಿನಲ್ಲಿ ನಿಂತು ಅವನಿಗೆ ಮೆಸೇಜ್ ಹಾಕಿದೆ: "ನಾಲ್ಕು ಜನ. ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ." ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಮನೆಗೆ ಬಂದು ಎರಡೂ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು 63ನೇ ಪುಟ ತೆಗೆದೆ. ಇದು ರೂಟರಿನದು, ಇದು ಹೊಸದು. ಎರಡರಲ್ಲೂ ಅದೇ ಕೊಂಬು, ಅದೇ ಗೀಟು. ಆದರೆ ಇಲ್ಲಿ ನೋಡಿ. ನನ್ನದರಲ್ಲಿ ನೀಲಿ, ಇದರಲ್ಲಿ ಕಪ್ಪು. ಮಧ್ಯದಲ್ಲಿ ಎಲ್ಲೋ ರೀಫಿಲ್ ಮುಗಿದಿರಬೇಕು.