ಮನಸ್ಸು ಓದಬಲ್ಲವಳು ತಂಡದ ಮುಂದಾಳಾದಾಗ: ಸ್ಯಾಟರ್ನ್ ಗರ್ಲ್ ಕಥೆ

[ಪರದೆಯ ಮೇಲೆ: 1958ರ ಏಪ್ರಿಲ್ ತಿಂಗಳ ‘ಅಡ್ವೆಂಚರ್ ಕಾಮಿಕ್ಸ್’ 247ನೇ ಸಂಚಿಕೆಯ ಮುಖಪುಟ]

ನಮಸ್ಕಾರ. ಈ ಮುಖಪುಟದಲ್ಲಿ ಮೂವರು ಹದಿಹರೆಯದವರು ಹೆಬ್ಬೆರಳನ್ನು ಕೆಳಕ್ಕೆ ತೋರಿಸಿ, ತಮ್ಮ ತಂಡದಲ್ಲಿ ಜಾಗವಿಲ್ಲವೆಂದು ಹದಿಹರೆಯದ ಸೂಪರ್‌ಮ್ಯಾನ್ ಆದ ಸೂಪರ್‌ಬಾಯ್‌ನನ್ನು ತಿರಸ್ಕರಿಸುತ್ತಿದ್ದಾರೆ. ಹೊಸಬನನ್ನು ಪರೀಕ್ಷಿಸಲು ಅವರು ಹೂಡಿದ ಆಟವದು ಎಂಬುದು ಕಥೆಯ ಕೊನೆಗೆ ತಿಳಿಯುತ್ತದೆ. ಆಟೊ ಬೈಂಡರ್ ಬರೆದು ಆಲ್ ಪ್ಲಾಸ್ಟಿನೊ ಚಿತ್ರಿಸಿದ ಈ ಕಥೆಯೊಂದಿಗೆ, ಸಾವಿರ ವರ್ಷ ಮುಂದಿನ ಕಾಲದ ಯುವವೀರರ ತಂಡವಾದ ಲೀಜನ್ ಆಫ್ ಸೂಪರ್-ಹೀರೋಸ್ ಅಮೆರಿಕದ ಕಾಮಿಕ್ಸ್ ಲೋಕವನ್ನು ಪ್ರವೇಶಿಸಿತು. ಆ ಮೂವರಲ್ಲಿ ಇದ್ದ ಒಬ್ಬಳೇ ಹುಡುಗಿ ಸ್ಯಾಟರ್ನ್ ಗರ್ಲ್.

ಅವಳ ನಿಜವಾದ ಹೆಸರು ಇಮ್ರಾ ಆರ್ಡೀನ್. ಊರು ಶನಿಗ್ರಹದ ಅತಿ ದೊಡ್ಡ ಉಪಗ್ರಹವಾದ ಟೈಟನ್. ಅವಳ ಜೊತೆಗಾರರಾದ ಕಾಸ್ಮಿಕ್ ಬಾಯ್ ಆಯಸ್ಕಾಂತ ಶಕ್ತಿಯನ್ನೂ ಲೈಟ್ನಿಂಗ್ ಲ್ಯಾಡ್ ಸಿಡಿಲನ್ನೂ ಪ್ರಯೋಗಿಸಬಲ್ಲವರು. ಅವರ ಶಕ್ತಿಯನ್ನು ಚಿತ್ರಿಸುವುದು ಕಲಾವಿದನಿಗೆ ಸುಲಭ. ಇಮ್ರಾಳ ಶಕ್ತಿಯಾದರೋ ಕಣ್ಣಿಗೆ ಕಾಣುವಂಥದ್ದಲ್ಲ. ಇತರರ ಮನಸ್ಸನ್ನು ಓದುವ, ಬೇಕೆಂದರೆ ಅದನ್ನು ತನ್ನಿಚ್ಛೆಯಂತೆ ತಿರುಗಿಸುವ ಅವಳ ಸಾಮರ್ಥ್ಯವನ್ನು ತೋರಿಸಲು ಹಣೆಯ ಬಳಿ ಕೆಲವು ಗೆರೆಗಳನ್ನು ಎಳೆಯುವುದಕ್ಕಿಂತ ಹೆಚ್ಚಿನದೇನನ್ನೂ ಕಲಾವಿದ ಮಾಡಲಾರ. ಆದುದರಿಂದಲೇ ಅವಳ ಕಥೆಗಳು ಹೊಡೆದಾಟಕ್ಕಿಂತ ಹೆಚ್ಚಾಗಿ ಅವಳು ಕೈಗೊಳ್ಳುವ ನಿರ್ಧಾರಗಳ ಮೇಲೆ ನಿಂತಿವೆ ಎಂಬುದು ನನ್ನ ಅಭಿಪ್ರಾಯ.

ತಂಡದ ಹುಟ್ಟೇ ಇದಕ್ಕೆ ಸಾಕ್ಷಿ. 1968ರ ‘ಸೂಪರ್‌ಬಾಯ್’ 147ನೇ ಸಂಚಿಕೆ ಹೇಳುವಂತೆ, ಪರಸ್ಪರ ಪರಿಚಯವಿಲ್ಲದ ಈ ಮೂವರು ಭೂಮಿಗೆ ಹೊರಟಿದ್ದ ಒಂದೇ ಬಾಹ್ಯಾಕಾಶ ನೌಕೆಯಲ್ಲಿದ್ದರು. ಅದರಲ್ಲೇ ಇದ್ದ ಆರ್. ಜೆ. ಬ್ರಾಂಡ್ ಎಂಬ ಆಗರ್ಭ ಶ್ರೀಮಂತನನ್ನು ಕೊಲ್ಲಲು ಹೊಂಚು ಹಾಕಿದ್ದವರ ಮನಸ್ಸನ್ನು ಓದಿ ಎಚ್ಚರಿಸಿದವಳು ಇಮ್ರಾ. ಆಮೇಲಷ್ಟೇ ಇನ್ನಿಬ್ಬರು ಕೈಜೋಡಿಸಿದರು. ಜೀವ ಉಳಿಸಿಕೊಂಡ ಬ್ರಾಂಡ್ ಕೊಟ್ಟ ಹಣದಿಂದ ತಂಡ ಕಟ್ಟಲಾಯಿತು.

[ಪರದೆಯ ಮೇಲೆ: ‘ಅಡ್ವೆಂಚರ್ ಕಾಮಿಕ್ಸ್’ 304, ಜನವರಿ 1963]

ಅವಳನ್ನು ಅರಿಯಲು ಒಂದೇ ಒಂದು ಕಥೆ ಓದುವುದಾದರೆ ಇದನ್ನು ಓದಬೇಕು. ಬರೆದವರು ಸೂಪರ್‌ಮ್ಯಾನ್‌ನ ಸೃಷ್ಟಿಕರ್ತರಲ್ಲಿ ಒಬ್ಬರಾದ ಜೆರ್ರಿ ಸೀಗಲ್. ತಂಡದ ನಾಯಕತ್ವಕ್ಕೆ ಚುನಾವಣೆ ನಡೆಯುತ್ತದೆ. ಇಮ್ರಾ ತನ್ನ ಸಹಚರರ ಮನಸ್ಸಿನೊಳಗೆ ಹೊಕ್ಕು, ಅವರೆಲ್ಲರೂ ತನಗೇ ಮತ ಹಾಕುವಂತೆ ಮಾಡಿ ಗೆಲ್ಲುತ್ತಾಳೆ. ನಾಯಕಿಯಾದ ಬಳಿಕ ಒಂದಲ್ಲ ಒಂದು ನೆಪ ಹೂಡಿ, ಯಾರೂ ತಮ್ಮ ಶಕ್ತಿಯನ್ನು ಬಳಸದಂತೆ ಕಟ್ಟಿಹಾಕುತ್ತಾಳೆ. ಓದುಗನಿಗೂ ಅವಳು ಅಧಿಕಾರದ ಅಮಲಿಗೆ ಬಿದ್ದವಳಂತೆ ಕಾಣುತ್ತಾಳೆ. ನಿಜಸಂಗತಿ ಬೇರೆಯೇ. ಜಾರ್ಯನ್ ಎಂಬ ದಾಳಿಕೋರನ ವಿರುದ್ಧದ ಕಾಳಗದಲ್ಲಿ ತಂಡದ ಒಬ್ಬರು ಸಾಯುವುದು ಖಚಿತವೆಂದು ಅವಳಿಗೆ ಮೊದಲೇ ತಿಳಿದಿರುತ್ತದೆ. ಆ ಒಬ್ಬರು ತಾನೇ ಆಗಬೇಕೆಂದು ಅವಳು ಇಷ್ಟೆಲ್ಲ ಮಾಡಿರುತ್ತಾಳೆ. ಆದರೆ ಅವಳ ಗುಟ್ಟನ್ನು ಅರಿತ ಲೈಟ್ನಿಂಗ್ ಲ್ಯಾಡ್ ಅವಳಿಗಿಂತ ಮೊದಲೇ ನುಗ್ಗಿ, ಜಾರ್ಯನ್‌ನ ನೌಕೆಯನ್ನು ಸಿಡಿಲಿನಿಂದ ಹೊಡೆದು, ತಾನೇ ಪ್ರಾಣ ಬಿಡುತ್ತಾನೆ.

ಮಕ್ಕಳಿಗೆಂದು ಬರೆದ ಅಂದಿನ ಕಾಮಿಕ್ಸ್‌ನಲ್ಲಿ ನಾಯಕನೊಬ್ಬ ಸತ್ತು, ಮುಂದಿನ ಸಂಚಿಕೆಗಳಲ್ಲೂ ಸತ್ತೇ ಇರುವುದು ಅಪರೂಪದ ಸಂಗತಿಯಾಗಿತ್ತು. ನನ್ನನ್ನು ಹೆಚ್ಚು ಕಾಡುವುದು ಆ ಚುನಾವಣೆ. ಉದ್ದೇಶ ಎಷ್ಟೇ ದೊಡ್ಡದಾಗಿದ್ದರೂ ಗೆಳೆಯರ ಮತವನ್ನು ಅವರಿಗೆ ಅರಿವಿಲ್ಲದಂತೆ ಕಸಿದುಕೊಂಡದ್ದು ತಪ್ಪೇ ಸರಿ. ಸೀಗಲ್ ಆ ಪ್ರಶ್ನೆಯನ್ನು ಬೆಳೆಸದೆ ಮುಂದೆ ಸಾಗುತ್ತಾರೆ. ಆದರೂ ಪ್ರೀತಿಪಾತ್ರರನ್ನು ಉಳಿಸಲು ಅವರ ಒಪ್ಪಿಗೆಯನ್ನೇ ಬದಿಗೊತ್ತುವ ಅವಳ ಸ್ವಭಾವ ಇಲ್ಲಿ ಮೊದಲ ಬಾರಿಗೆ ಮೂಡಿತು. ಮುಂದೆ ಅವಳನ್ನು ಬರೆದವರಿಗೆ ಇದಕ್ಕಿಂತ ಫಲವತ್ತಾದ ನೆಲ ಸಿಕ್ಕಿಲ್ಲ.

ಅದೇ ವರ್ಷದ 312ನೇ ಸಂಚಿಕೆಯಲ್ಲಿ ಲೈಟ್ನಿಂಗ್ ಲ್ಯಾಡ್‌ನನ್ನು ಬದುಕಿಸುವ ಉಪಾಯ ಸಿಗುತ್ತದೆ. ಲೋಹದ ಕೋಲು ಹಿಡಿದು ಅವನ ಸುತ್ತ ನಿಂತವರಲ್ಲಿ ಒಬ್ಬರಿಗೆ ಸಿಡಿಲು ಬಡಿದು, ಅವರ ಪ್ರಾಣ ಅವನಿಗೆ ಸೇರಬೇಕು. ಸಿಡಿಲು ತನ್ನನ್ನೇ ಅರಸಿ ಬರುವಂತೆ ಇಮ್ರಾ ಬೇರೊಂದು ಲೋಹದ ಕೋಲನ್ನು ಗುಟ್ಟಾಗಿ ಸಿದ್ಧಪಡಿಸಿಕೊಳ್ಳುತ್ತಾಳೆ. ಕೊನೆಗೆ ಸತ್ತದ್ದು ಅವಳಲ್ಲ. ಅವಳನ್ನು ದೂರ ಸರಿಸಿ, ಅವಳ ರೂಪ ತಾಳಿ ಅವಳ ಜಾಗದಲ್ಲಿ ನಿಂತಿದ್ದ ಪ್ರೋಟಿ ಎಂಬ ರೂಪ ಬದಲಿಸುವ ಪುಟ್ಟ ಸಾಕುಪ್ರಾಣಿ. ಎಲ್ಲರ ಮನಸ್ಸನ್ನು ಓದುವವಳೇ ಎರಡು ಸಲವೂ ತನ್ನ ಯೋಜನೆ ಬಯಲಾಗಿ ಬದುಕುಳಿಯುತ್ತಾಳೆ.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಮಾರ್ವೆಲ್‌ನ ಅವೆಂಜರ್ಸ್ ತಂಡಕ್ಕೆ ವಾಸ್ಪ್ ಎಂಬ ವೀರನಾರಿ ಅಧ್ಯಕ್ಷೆಯಾದದ್ದು 1982ರಲ್ಲಿ. ಅದಕ್ಕೂ ಸುಮಾರು ಎರಡು ದಶಕ ಮೊದಲೇ ಇಮ್ರಾ ಹುಡುಗರೂ ಹುಡುಗಿಯರೂ ಇದ್ದ ತಂಡವೊಂದಕ್ಕೆ ಆಜ್ಞೆ ಕೊಡುತ್ತಿದ್ದಳು.

1978ರಲ್ಲಿ ದೊಡ್ಡ ಆಕಾರದ ವಿಶೇಷ ಸಂಚಿಕೆಯೊಂದರಲ್ಲಿ ಅವಳಿಗೂ ಲೈಟ್ನಿಂಗ್ ಲ್ಯಾಡ್‌ಗೂ ಮದುವೆಯಾಯಿತು. ಪಾಲ್ ಲೆವಿಟ್ಜ್ ಬರೆದ 1980ರ ದಶಕದ ಕಥೆಗಳಲ್ಲಿ ಅವಳು ತಾಯಿಯಾಗುತ್ತಾಳೆ. ಅವಳಿ ಮಕ್ಕಳಲ್ಲಿ ಒಂದನ್ನು ಹುಟ್ಟಿದ ಕೂಡಲೇ ಬಲಿಷ್ಠ ಖಳನಾದ ಡಾರ್ಕ್‌ಸೈಡ್ ಕದ್ದು, ಹಿಂದಿನ ಕಾಲಕ್ಕೆ ಕಳಿಸಿ, ವ್ಯಾಲಿಡಸ್ ಎಂಬ ದೈತ್ಯನನ್ನಾಗಿ ಮಾಡುತ್ತಾನೆ. ಲೀಜನ್ ಎಷ್ಟೋ ವರ್ಷಗಳಿಂದ ಹೋರಾಡಿಕೊಂಡು ಬಂದಿದ್ದ ಶತ್ರು ಇಮ್ರಾಳ ಹೆತ್ತ ಮಗನೇ ಆಗಿರುತ್ತಾನೆ, ಮತ್ತು ಮನಸ್ಸು ಓದಬಲ್ಲ ಆ ತಾಯಿಗೆ ಅದು ಗೊತ್ತಿರಲಿಲ್ಲ. ಇಡೀ ಸರಣಿಯಲ್ಲಿ ಇದಕ್ಕಿಂತ ಕ್ರೂರವಾದ ತಿರುವನ್ನು ನಾನು ಓದಿಲ್ಲ.

ಆ ಬಳಿಕ ಈ ಕಾಮಿಕ್ಸ್‌ನ ಪ್ರಕಾಶಕರಾದ ಡಿಸಿ ಸಂಸ್ಥೆ ಲೀಜನ್ ಕಥೆಯನ್ನು ಒಂದಕ್ಕಿಂತ ಹೆಚ್ಚು ಬಾರಿ ಮೊದಲಿನಿಂದ ಆರಂಭಿಸಿದೆ. ಅವುಗಳಲ್ಲಿ ಮಾರ್ಕ್ ವೇಯ್ಡ್ ಮತ್ತು ಬ್ಯಾರಿ ಕಿಟ್ಸನ್ ಅವರ 2005ರ ಸರಣಿ ಗಮನಾರ್ಹ: ಅದರಲ್ಲಿ ಟೈಟನ್ನಿನ ಜನರಿಗೆ ಬಾಯಿಮಾತೇ ಇಲ್ಲ, ಮನಸ್ಸಿನಿಂದ ಮನಸ್ಸಿಗೆ ಮಾತ್ರ ಅವರ ಸಂಭಾಷಣೆ. ಅದೇ ವರ್ಷದ ಜನವರಿ 14ರಂದು ಹೈಗನ್ಸ್ ಎಂಬ ಬಾಹ್ಯಾಕಾಶ ಶೋಧಕವು ನಿಜವಾದ ಟೈಟನ್ ಮೇಲೆ ಇಳಿಯಿತು.

[ಪರದೆಯ ಮೇಲೆ: ‘ಸೂಪರ್‌ಗರ್ಲ್’ ಧಾರಾವಾಹಿಯ ಚಿತ್ರ]

ಕನ್ನಡ ಪ್ರೇಕ್ಷಕರಿಗೆ ಪರಿಚಿತ ಮುಖವೊಂದು ಈ ಪಾತ್ರದೊಂದಿಗೆ ಸೇರಿಕೊಂಡಿದೆ. ‘ಸೂಪರ್‌ಗರ್ಲ್’ ಟಿವಿ ಸರಣಿಯ ಮೂರನೇ ಸೀಸನ್‌ನಲ್ಲಿ ಇಮ್ರಾ ಆರ್ಡೀನ್ ಆಗಿ ನಟಿಸಿದವರು ಏಮಿ ಜಾಕ್ಸನ್. 2018ರಲ್ಲಿ ಶಿವರಾಜ್‌ಕುಮಾರ್ ಮತ್ತು ಸುದೀಪ್ ಅವರೊಂದಿಗೆ ‘ದಿ ವಿಲನ್’ ಚಿತ್ರದಲ್ಲಿದ್ದವರೂ ಅವರೇ. ಧಾರಾವಾಹಿಯಲ್ಲಿ ಅವಳು ಲೈಟ್ನಿಂಗ್ ಲ್ಯಾಡ್‌ನ ಹೆಂಡತಿಯಲ್ಲ, ಲೀಜನ್‌ನ ಇನ್ನೊಬ್ಬ ಸದಸ್ಯನೂ ಸೂಪರ್‌ಗರ್ಲ್‌ಳ ಹಿಂದಿನ ಪ್ರೇಮಿಯೂ ಆದ ಮೋನ್-ಎಲ್‌ನ ಹೆಂಡತಿ. ಏಮಿ ಅವರ ಅಭಿನಯದಲ್ಲಿ ಗಾಂಭೀರ್ಯವಿದೆ. ಆದರೆ ಪ್ರೇಮ ತ್ರಿಕೋನದ ಮೂರನೆಯ ಮೂಲೆಗೆ ಸೀಮಿತಳಾದ ಆ ಇಮ್ರಾಳಿಗೆ, ಮತ ಕದ್ದಾದರೂ ಗೆಳೆಯರ ಸಾವನ್ನು ತನ್ನ ಮೇಲೆ ಎಳೆದುಕೊಳ್ಳಲು ಹೊರಟ ಹಠಮಾರಿಯಾಗುವ ಅವಕಾಶ ಸಿಗಲಿಲ್ಲ. ಆದ್ದರಿಂದ ಹೊಸಬರು ಮೊದಲು 304 ಮತ್ತು 312ನೇ ಸಂಚಿಕೆಗಳನ್ನು ಅದೇ ಅನುಕ್ರಮದಲ್ಲಿ ಓದಿ, ಧಾರಾವಾಹಿಯನ್ನು ಆಮೇಲೆ ನೋಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ.